ಟಿಬಿ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನ್‌ಗಳು ನಮ್ಮ ರೋಗನಿರೋಧಕ ಶಕ್ತಿಯ ದಾರಿ ತಪ್ಪಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ. ಟಿಬಿ ಪಾಠ ಬಂದ ವಾರ ತರಗತಿಯಲ್ಲಿ ಪ್ರಶ್ನೆಗಳು ಜಾಸ್ತಿ. ಮನೆಯಲ್ಲೋ ಬೀದಿಯಲ್ಲೋ ಯಾರಿಗಾದರೂ ಈ ಕಾಯಿಲೆ ಬಂದದ್ದನ್ನು ನೋಡದ ಮಕ್ಕಳು ಕಡಿಮೆ. ಅವರು ಕೇಳಿದ್ದು, ಅವರ ಅಪ್ಪ ಅಮ್ಮ ಕೇಳಿದ್ದು, ಎರಡನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ. ಕೆಲವಕ್ಕೆ ನಾಲ್ಕೇ ಸಾಲು ಸಾಕು.

ಟಿಬಿ ಬ್ಯಾಕ್ಟೀರಿಯಾ ದೇಹದೊಳಗೆ ಅಡಗಿ ಕೂರುತ್ತದೆ ಅಂತಾರೆ. ನಿಜವಾಗಿಯೂ ಅಡಗಿರುತ್ತಾ?

ಅಡಗಿರುತ್ತದೆ ಅನ್ನುವುದು ಅರ್ಧ ಸತ್ಯ. ನಮ್ಮ ದೇಹಕ್ಕೆ ಅದು ಕಾಣದೇ ಇರುವುದಿಲ್ಲ. ಕೆಮ್ಮಿದವರ ಬಾಯಿಂದ ಬಂದ ಸಣ್ಣ ಹನಿಯಲ್ಲಿ ಸೇರಿಕೊಂಡು ಅದು ನಮ್ಮ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೆ ಬರುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳು ಮೊದಲೇ ಕಾಯುತ್ತಿರುತ್ತವೆ. ಹೊರಗಿನ ಕಸ, ರೋಗಾಣು ಏನೇ ಸಿಕ್ಕರೂ ನುಂಗಿ ಅರಗಿಸುವುದು ಅವುಗಳ ಕೆಲಸ. ಟಿಬಿ ಬ್ಯಾಕ್ಟೀರಿಯಾವನ್ನೂ ಅವು ಹಿಡಿಯುತ್ತವೆ, ನುಂಗುತ್ತವೆ.

ತೊಂದರೆ ಶುರುವಾಗುವುದು ಅದಾದ ಮೇಲೆ. ನುಂಗಿದ ಕಣದೊಳಗೇ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಕಾವಲುಗಾರನ ಕಣ್ಣು ತಪ್ಪಿಸಿ ಓಡುವ ಕಳ್ಳ ಇದಲ್ಲ. ಕಾವಲುಗಾರನ ಮನೆಯಲ್ಲೇ ಇದ್ದುಕೊಂಡು, ಅವನು ಊರಿಗೆ ಕೊಡುವ ಸುದ್ದಿಯನ್ನೇ ಬದಲಾಯಿಸುತ್ತದೆ. ಈ ಕೆಲಸಕ್ಕೆ ಅದು ಬಳಸುವ ಸಾಧನಗಳಲ್ಲಿ ಮೈಮೇಲಿನ ಪ್ರೋಟೀನ್‌ಗಳು ಮುಖ್ಯ.

ಇದರ ಮೈ ಬೇರೆ ಬ್ಯಾಕ್ಟೀರಿಯಾಗಳ ಮೈಯಂತೆ ಅಲ್ವಾ?

ಅಲ್ಲ. ಟಿಬಿ ಬ್ಯಾಕ್ಟೀರಿಯಾದ ಹೊರಗೋಡೆ ತುಂಬ ದಪ್ಪ, ಕೊಬ್ಬಿನಿಂದ ತುಂಬಿದ್ದು. ಮೈಕೋಲಿಕ್ ಆಮ್ಲ ಎಂಬ ಉದ್ದುದ್ದದ ಕೊಬ್ಬಿನ ಸರಪಳಿಗಳು ಅಲ್ಲಿ ಒತ್ತೊತ್ತಾಗಿ ಜೋಡಣೆಯಾಗಿರುತ್ತವೆ. ಒಂದೊಂದರಲ್ಲಿ 60ರಿಂದ 90 ಇಂಗಾಲದ ಪರಮಾಣುಗಳು. ನಾವು ದಿನಾ ಬಳಸುವ ಅಡುಗೆ ಎಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಇರುವುದು ಹೆಚ್ಚಾಗಿ 16 ಅಥವಾ 18. ಈ ಮೇಣದಂಥ ಹೊದಿಕೆಯಿಂದಾಗಿಯೇ ಮಾಮೂಲಿ ಬಣ್ಣ ಇದರ ಮೈಗೆ ಹತ್ತುವುದಿಲ್ಲ. ಬಿಸಿ ಮಾಡಿ ಹತ್ತಿಸಿದರೆ ಆಮೇಲೆ ಆಮ್ಲ ಹಾಕಿದರೂ ಬಿಡುವುದಿಲ್ಲ. ಕಫ ಪರೀಕ್ಷೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುವುದು ಇದೇ ಕಾರಣಕ್ಕೆ.

ಈ ಕೊಬ್ಬಿನ ಪದರದ ಒಳಗೂ ಮೇಲೂ ಪ್ರೋಟೀನ್‌ಗಳು ಸಿಕ್ಕಿಕೊಂಡಿರುತ್ತವೆ. ಕೆಲವು ಗೋಡೆಗೆ ಗಟ್ಟಿಯಾಗಿ ಅಂಟಿರುತ್ತವೆ. ಕೆಲವು ಹೊರಗೆ ಬಂದು ಮೈಮೇಲೆ ಸ್ವಲ್ಪ ಹೊತ್ತು ಇದ್ದು, ಮುಂದೆ ಹೋಗುತ್ತವೆ. ಅಷ್ಟು ದಪ್ಪ ಗೋಡೆ ದಾಟಿ ಪ್ರೋಟೀನ್ ಹೊರಗೆ ಬರಬೇಕಲ್ಲ? ಅದಕ್ಕೇ ಟಿಬಿ ಬ್ಯಾಕ್ಟೀರಿಯಾದಲ್ಲಿ ಐದು ವಿಶೇಷ ಸಾಗಣೆ ವ್ಯವಸ್ಥೆಗಳಿವೆ. ಅವುಗಳ ಹೆಸರು ಇಎಸ್ಎಕ್ಸ್-1ರಿಂದ ಇಎಸ್ಎಕ್ಸ್-5. ಇವುಗಳಲ್ಲಿ 1 ಮತ್ತು 5ನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತವೆ.

ಒಂದು ಬ್ಯಾಕ್ಟೀರಿಯಾದ ಪ್ರೋಟೀನ್ ನಮ್ಮ ಜೀವಕೋಶಕ್ಕೆ ಹೇಗೆ ಆಜ್ಞೆ ಕೊಡುತ್ತದೆ?

ಮುಟ್ಟುವ ಮೂಲಕ. ಮ್ಯಾಕ್ರೋಫೇಜ್‌ನ ಮೈಮೇಲೆ ಗ್ರಾಹಕಗಳು ಎಂಬ ಪ್ರೋಟೀನ್‌ಗಳಿರುತ್ತವೆ. ಬಂದದ್ದು ಏನು ಎಂದು ತಡವಿ ನೋಡುವ ಬೆರಳುಗಳು ಅಂದುಕೊಳ್ಳಿ. ಟಿಬಿ ವಿಷಯದಲ್ಲಿ ಬಹಳ ಮುಖ್ಯವಾದ ಗ್ರಾಹಕ ಟಿಎಲ್ಆರ್2. ಅದಕ್ಕೆ ಏನಾದರೂ ತಾಗಿದರೆ ಜೀವಕೋಶದ ಒಳಗೆ ಸಂಕೇತಗಳ ಸರಣಿ ಶುರುವಾಗುತ್ತದೆ. ಕೊನೆಗೆ ಜೀವಕೋಶ ಕೆಲವು ಸಂದೇಶ ರಾಸಾಯನಿಕಗಳನ್ನು ಹೊರಗೆ ಬಿಡುತ್ತದೆ.

ಅಂಥ ಎರಡು ರಾಸಾಯನಿಕಗಳನ್ನು ಗುರುತಿಟ್ಟುಕೊಂಡರೆ ಮುಂದಿನದು ಸುಲಭ. ಇಂಟರ್‌ಲ್ಯೂಕಿನ್-12 ಅಂದರೆ "ಬನ್ನಿ, ಕೊಲ್ಲಬೇಕಾದದ್ದು ಬಂದಿದೆ" ಎಂಬ ಕರೆ. ಇಂಟರ್‌ಲ್ಯೂಕಿನ್-10 ಅಂದರೆ "ಸಾಕು, ತಣ್ಣಗಾಗಿ" ಎಂಬ ಮಾತು. ಎರಡೂ ನಮಗೆ ಬೇಕು. ಎರಡನೆಯದು ಇಲ್ಲದಿದ್ದರೆ ಉರಿಯೂತ ನಿಲ್ಲದೆ ನಮ್ಮ ಶ್ವಾಸಕೋಶವೇ ಹಾಳಾಗುತ್ತದೆ. ಟಿಬಿ ಬ್ಯಾಕ್ಟೀರಿಯಾ ಹೊಸ ಆಜ್ಞೆಯನ್ನೇನೂ ಕಂಡುಹಿಡಿಯುವುದಿಲ್ಲ. ನಮ್ಮಲ್ಲೇ ಇರುವ "ಸಾಕು" ಎಂಬ ಮಾತನ್ನು ಬೇಡದ ಹೊತ್ತಿನಲ್ಲಿ ಆಡಿಸುತ್ತದೆ.

ಪಿಇ, ಪಿಪಿಇ ಪ್ರೋಟೀನ್ ಅಂದರೇನು? ಕೊರೊನಾ ಕಾಲದ ಪಿಪಿಇ ಕಿಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಏನೂ ಸಂಬಂಧ ಇಲ್ಲ. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರ. ಈ ಗುಂಪಿನ ಪ್ರೋಟೀನ್‌ಗಳ ಸರದ ಶುರುವಿನ ಭಾಗದಲ್ಲಿ ಪ್ರೋಲಿನ್, ಗ್ಲುಟಮಿಕ್ ಆಮ್ಲ ಎಂಬ ಎರಡು ಮಣಿಗಳು ಒಟ್ಟಿಗೆ ಬರುತ್ತವೆ. ಅವುಗಳ ಅಕ್ಷರ ಗುರುತು ಪಿ ಮತ್ತು ಇ. ಎರಡು ಪ್ರೋಲಿನ್ ಇದ್ದರೆ ಪಿಪಿಇ.

1998ರಲ್ಲಿ ಸ್ಟೀವರ್ಟ್ ಕೋಲ್ ಮತ್ತು ಜೊತೆಗಾರರು ಟಿಬಿ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್ಎ ಬರಹವನ್ನೆಲ್ಲ, ಓದಿ ಪ್ರಕಟಿಸಿದರು. ಸುಮಾರು 44 ಲಕ್ಷ ಅಕ್ಷರಗಳು, ಸುಮಾರು 4000 ಜೀನ್‌ಗಳು. ಅದರಲ್ಲಿ ಒಂದು ವಿಷಯ ಎಲ್ಲರ ಕಣ್ಣಿಗೆ ಬಿತ್ತು. ಪ್ರೋಟೀನ್ ಬರೆಯುವ ಜಾಗದ ಸುಮಾರು 10ನೇ ಒಂದು ಭಾಗವನ್ನು ಪಿಇ ಮತ್ತು ಪಿಪಿಇ ಎಂಬ ಎರಡೇ ಕುಟುಂಬಗಳು ಹಿಡಿದುಕೊಂಡಿದ್ದವು. ಪಿಇ ಜೀನ್‌ಗಳು 99, ಪಿಪಿಇ ಜೀನ್‌ಗಳು 69. ಬ್ಯಾಕ್ಟೀರಿಯಾ ಬಹಳ ಜಿಪುಣ ಜೀವಿ, ಬೇಡದ್ದನ್ನು ಇಷ್ಟೊಂದು ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಇವುಗಳಿಂದ ಅದಕ್ಕೆ ದೊಡ್ಡ ಉಪಯೋಗ ಇರಲೇಬೇಕು ಎಂದು ವಿಜ್ಞಾನಿಗಳು ಹುಡುಕಲು ಶುರು ಮಾಡಿದರು.

ಇವುಗಳಲ್ಲಿ ಬಹಳಷ್ಟನ್ನು ಹೊರಗೆ ಸಾಗಿಸುವುದು ಇಎಸ್ಎಕ್ಸ್-5. ಎಲ್ಲವೂ ರೋಗನಿರೋಧಕ ಶಕ್ತಿಯನ್ನು ಕೆಣಕುವ ಕೆಲಸವನ್ನೇ ಮಾಡುವುದಿಲ್ಲ. ಪಿಪಿಇ51 ಎಂಬುದು ಗ್ಲೂಕೋಸ್, ಗ್ಲಿಸರಾಲ್‌ನಂಥ ಆಹಾರ ಒಳಗೆ ಬರುವ ಬಾಗಿಲು ಎಂದು 2020ರಲ್ಲಿ ತಿಳಿಯಿತು. ಒಂದೇ ಕುಟುಂಬದ ಅಣ್ಣತಮ್ಮಂದಿರು ಬೇರೆ ಬೇರೆ ಕಸುಬು ಹಿಡಿದ ಹಾಗೆ.

ಒಂದು ಪ್ರೋಟೀನನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳಬಹುದಾ?

ಪಿಪಿಇ18 ಬಗ್ಗೆ ಹೇಳುತ್ತೇನೆ. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಕತೆ ಇದು. ಇದರ ದೊಡ್ಡ ಭಾಗ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ.

ಅಲ್ಲಿನ ಡಿಎನ್ಎ ಫಿಂಗರ್‌ಪ್ರಿಂಟಿಂಗ್ ಮತ್ತು ಡಯಾಗ್ನೋಸ್ಟಿಕ್ಸ್ ಕೇಂದ್ರದಲ್ಲಿ ಸಂಗೀತಾ ಮುಖೋಪಾಧ್ಯಾಯ ಅವರ ತಂಡ ಈ ಪ್ರೋಟೀನಿನ ಹಿಂದೆ ಬಿತ್ತು. ಪಿಪಿಇ18 ಬ್ಯಾಕ್ಟೀರಿಯಾದ ಮೈಮೇಲೆ ಇರುತ್ತದೆ. ಅದು ಮ್ಯಾಕ್ರೋಫೇಜ್‌ನ ಟಿಎಲ್ಆರ್2 ಗ್ರಾಹಕಕ್ಕೆ ಅಂಟಿಕೊಂಡು ಇಂಟರ್‌ಲ್ಯೂಕಿನ್-10 ಹೆಚ್ಚಿಸುತ್ತದೆ ಎಂದು 2009ರಲ್ಲಿ ತೋರಿಸಿದರು. ಮುಂದಿನ ಕೆಲಸದಲ್ಲಿ, ಇಂಟರ್‌ಲ್ಯೂಕಿನ್-12ರಂಥ ಕರೆಗಳನ್ನು ಅದು ಹೇಗೆ ತಗ್ಗಿಸುತ್ತದೆ ಎಂಬುದನ್ನೂ ಬಿಡಿಸಿದರು. ಅಂದರೆ ಒಂದೇ ಸ್ಪರ್ಶದಲ್ಲಿ "ಸಾಕು" ಎಂಬ ಮಾತು ಜೋರಾಯಿತು, "ಬನ್ನಿ" ಎಂಬ ಮಾತು ಸಣ್ಣಗಾಯಿತು.

ಇದರಿಂದ ಏನಾಗುತ್ತದೆ? ಮ್ಯಾಕ್ರೋಫೇಜ್‌ನ ನೆರವಿಗೆ ಬರುವ ಇನ್ನೊಂದು ಬಗೆಯ ಬಿಳಿ ಕಣಗಳಿವೆ, ಅವೇ ಟಿ ಕಣಗಳು. ಅವು ಎರಡು ಮುಖ್ಯ ರೀತಿಯಲ್ಲಿ ತಯಾರಾಗಬಲ್ಲವು. ಮೊದಲ ರೀತಿಯವು ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶ ರಾಸಾಯನಿಕ ಬಿಟ್ಟು ಮ್ಯಾಕ್ರೋಫೇಜ್‌ಗೆ ಕೊಲ್ಲುವ ಬಲ ತುಂಬುತ್ತವೆ. ಟಿಬಿಗೆ ಬೇಕಾದದ್ದು ಇವು. ಎರಡನೆಯ ರೀತಿಯವು ಹೊಟ್ಟೆಹುಳುಗಳಂಥ ಶತ್ರುಗಳಿಗೆ ಸರಿ. ಪಿಪಿಇ18 ಇದ್ದಾಗ ತಕ್ಕಡಿ ಎರಡನೆಯ ಕಡೆಗೆ ವಾಲುತ್ತದೆ. ಆಮೇಲೆ ಅದೇ ತಂಡ ಪಿಪಿಇ18 ಜೀನ್ ತೆಗೆದ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಕೊಟ್ಟು ನೋಡಿತು. ಬ್ಯಾಕ್ಟೀರಿಯಾ ಅಷ್ಟು ಚೆನ್ನಾಗಿ ಬೆಳೆಯಲಿಲ್ಲ. ಇಲಿಗಳು ಹೆಚ್ಚು ಕಾಲ ಬದುಕಿದವು.

ಈ ಕತೆಯ ಇನ್ನೊಂದು ತುದಿ ಇನ್ನೂ ಸೊಗಸಾಗಿದೆ. ಅದನ್ನು ಲಸಿಕೆಯ ಪ್ರಶ್ನೆಗೆ ಉಳಿಸಿಕೊಳ್ಳುತ್ತೇನೆ.

ನಮ್ಮ ಬೆಂಗಳೂರಿನಲ್ಲಿ ಈ ಕೆಲಸ ಯಾರೂ ಮಾಡಿಲ್ವಾ?

ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಕೆ. ಎನ್. ಬಾಲಾಜಿ ಅವರ ಪ್ರಯೋಗಾಲಯ ವರ್ಷಗಟ್ಟಲೆ ಇದೇ ಕುಟುಂಬದ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿದೆ. ಅವರು ಮತ್ತು ಜೊತೆಗಾರರು 2010ರಲ್ಲಿ ಪಿಪಿಇ34 ಎಂಬ ಪ್ರೋಟೀನ್ ಬಗ್ಗೆ ಬರೆದರು. ರೋಗಾಣುವಿನ ಚೂರುಗಳನ್ನು ಟಿ ಕಣಗಳಿಗೆ ತೋರಿಸುವ ಡೆಂಡ್ರೈಟಿಕ್ ಕಣಗಳು ಎಂಬವು ಮನುಷ್ಯರಲ್ಲಿವೆ. ಅವನ್ನು ಇದು ಎಚ್ಚರಿಸುತ್ತದೆ, ಆದರೆ ಟಿ ಕಣಗಳನ್ನು ಆ ಎರಡನೆಯ ರೀತಿಯ ಕಡೆಗೆ ತಳ್ಳುವ ಹಾಗೆ ಎಚ್ಚರಿಸುತ್ತದೆ. ಅಂದರೆ ನಿದ್ದೆ ಮಾಡಿಸುವುದಲ್ಲ, ಎಬ್ಬಿಸಿ ತಪ್ಪು ದಾರಿ ತೋರಿಸುವುದು.

ಟಿಎಲ್ಆರ್2 ಮುಟ್ಟಿದರೆ ಒಮ್ಮೆ ಎಚ್ಚರ, ಒಮ್ಮೆ ಮಂಪರು. ಇದು ಗೊಂದಲ ಅಲ್ವಾ?

ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳನ್ನೂ ಇದು ಕಾಡಿದೆ. ಎಲ್‌ಪಿಕ್ಯೂಎಚ್ ಎಂಬ ಪ್ರೋಟೀನ್ ನೋಡಿ. ಇದಕ್ಕೆ ಕೊಬ್ಬಿನ ಒಂದು ಬಾಲ ಇದೆ, ಆ ಬಾಲದಿಂದ ಅದು ಬ್ಯಾಕ್ಟೀರಿಯಾದ ಪೊರೆಗೆ ಕಚ್ಚಿಕೊಂಡಿರುತ್ತದೆ. ತೂಕದ ಲೆಕ್ಕದಿಂದ ಇದನ್ನು 19 ಕಿಲೋಡಾಲ್ಟನ್ ಲಿಪೊಪ್ರೋಟೀನ್ ಎಂದೂ ಕರೆಯುತ್ತಾರೆ. 1999ರಲ್ಲಿ ಇದು ಟಿಎಲ್ಆರ್2 ಮೂಲಕ ಮ್ಯಾಕ್ರೋಫೇಜ್‌ಗಳನ್ನು ಎಬ್ಬಿಸಿ ಇಂಟರ್‌ಲ್ಯೂಕಿನ್-12 ಹೊರಡಿಸುತ್ತದೆ ಎಂದು ತಿಳಿಯಿತು. ದೇಹಕ್ಕೆ ಅನುಕೂಲವೇ ಆಯಿತಲ್ಲ! ಆದರೆ 2001ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ತಂಡ ಅದೇ ಪ್ರೋಟೀನಿನ ಇನ್ನೊಂದು ಮುಖ ತೋರಿಸಿತು.

ಇಲ್ಲಿ ಮುಖ್ಯವಾದದ್ದು ಸಮಯ. ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾವನ್ನು ನುಂಗಿ ಸುಮ್ನೆ ಇರುವುದಿಲ್ಲ. ಅದರ ಚೂರುಗಳನ್ನು ಎಂಎಚ್‌ಸಿ-2 ಎಂಬ ತಟ್ಟೆಯಲ್ಲಿಟ್ಟು ಟಿ ಕಣಗಳಿಗೆ ತೋರಿಸುತ್ತದೆ. "ನನ್ನ ಹೊಟ್ಟೆಯಲ್ಲಿ ಇದಿದೆ ನೋಡಿ" ಎಂದ ಹಾಗೆ. ಆಮೇಲೆ ಟಿ ಕಣ ನೆರವಿಗೆ ಬರುತ್ತದೆ. ಎಲ್‌ಪಿಕ್ಯೂಎಚ್ ಸ್ವಲ್ಪ ಹೊತ್ತು ತಾಗಿದರೆ ಎಚ್ಚರಿಕೆ ಹೊರಡುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ತಾಗುತ್ತಲೇ ಇದ್ದರೆ ಜೀವಕೋಶ ಆ ತಟ್ಟೆಗಳನ್ನು ಮಾಡುವುದನ್ನೇ ಕಡಿಮೆ ಮಾಡುತ್ತದೆ. ತೋರಿಸಲು ತಟ್ಟೆ ಇಲ್ಲದಿದ್ದರೆ ಹೊಟ್ಟೆಯಲ್ಲಿರುವುದು ಹೊರಗಿನವರಿಗೆ ಗೊತ್ತಾಗುವುದು ಹೇಗೆ?

ಪಕ್ಕದ ಮನೆಯ ಗಂಟೆ ಒಂದು ಸಲ ಬಾರಿಸಿದರೆ ನಾವು ಎದ್ದು ನೋಡುತ್ತೇವೆ. ಇಡೀ ದಿನ ಬಾರಿಸುತ್ತಲೇ ಇದ್ದರೆ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಇಲ್ಲೂ ಹಾಗೆಯೇ. ಟಿಬಿ ವರ್ಷಗಟ್ಟಲೆ ಎಳೆಯುವ ಕಾಯಿಲೆ, ಆದ್ದರಿಂದ ಈ ಎರಡನೆಯ ಪರಿಣಾಮ ಅದಕ್ಕೆ ಲಾಭ. ಇನ್ನೂ ಒಂದು ಮಾತು. ಬ್ಯಾಕ್ಟೀರಿಯಾ ತನ್ನ ಪೊರೆಯಿಂದ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ. ಆ ಗುಳ್ಳೆಗಳಲ್ಲಿ ಎಲ್‌ಪಿಕ್ಯೂಎಚ್‌ನಂಥ ಪ್ರೋಟೀನ್‌ಗಳು ತುಂಬಿರುತ್ತವೆ. ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದ ಪಕ್ಕದ ಕಣಗಳಿಗೂ ಈ ಪ್ರೋಟೀನ್‌ಗಳು ತಲುಪಬಲ್ಲವು.

ಇಸ್ಯಾಟ್-6 ಹೆಸರು ಎಲ್ಲ ಕಡೆ ಬರುತ್ತದೆ. ಅದರ ವಿಶೇಷ ಏನು?

ಇದು ಬರೀ ಮೇಲ್ಮೈ ಪ್ರೋಟೀನ್ ಅಲ್ಲ, ಇಎಸ್ಎಕ್ಸ್-1 ವ್ಯವಸ್ಥೆ ಹೊರಗೆ ದೂಡುವ ಪ್ರೋಟೀನ್. ಬ್ಯಾಕ್ಟೀರಿಯಾದ ಮೈಮೇಲೂ ಕಂಡುಬಂದಿದೆ. ಸಿಎಫ್‌ಪಿ-10 ಎಂಬ ಇನ್ನೊಂದು ಪ್ರೋಟೀನ್ ಇದರ ಜೋಡಿ.

ಮೊದಲು ಹಿನ್ನೆಲೆ. ಮ್ಯಾಕ್ರೋಫೇಜ್ ನುಂಗಿದ ಬ್ಯಾಕ್ಟೀರಿಯಾ ಒಂದು ಚೀಲದಲ್ಲಿ ಇರುತ್ತದೆ. ಆ ಚೀಲ ಲೈಸೋಸೋಮ್ ಎಂಬ ಆಮ್ಲದ ಚೀಲದ ಜೊತೆ ಸೇರಬೇಕು, ಆಗ ಬ್ಯಾಕ್ಟೀರಿಯಾ ಕರಗುತ್ತದೆ. ಟಿಬಿ ಬ್ಯಾಕ್ಟೀರಿಯಾ ಇರುವ ಚೀಲ ಹಾಗೆ ಸೇರುವುದಿಲ್ಲ ಎಂಬುದು 1971ರಲ್ಲೇ ಇಂಗ್ಲೆಂಡಿನಲ್ಲಿ ಗೊತ್ತಾಗಿತ್ತು. ಇದಕ್ಕೆ ಬ್ಯಾಕ್ಟೀರಿಯಾ ಹಲವು ಉಪಾಯ ಮಾಡುತ್ತದೆ. ಪಿಟಿಪಿಎ ಎಂಬ ಕಿಣ್ವ ಬಿಟ್ಟು, ಚೀಲಕ್ಕೆ ಆಮ್ಲ ತುಂಬುವ ಪಂಪನ್ನೇ ತಡೆಯುವುದು ಅವುಗಳಲ್ಲಿ ಒಂದು.

ಇಸ್ಯಾಟ್-6 ಮತ್ತು ಇಎಸ್ಎಕ್ಸ್-1 ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ಚೀಲದ ಪೊರೆಗೆ ಗಾಯ ಮಾಡುತ್ತವೆ. ಪಿಡಿಐಎಂ ಎಂಬ ಕೊಬ್ಬು ಇದಕ್ಕೆ ಕೈ ಜೋಡಿಸುತ್ತದೆ. ಪೊರೆ ಹರಿದಾಗ ಬ್ಯಾಕ್ಟೀರಿಯಾದ ಡಿಎನ್ಎ ಜೀವಕೋಶದ ಒಳರಸಕ್ಕೆ ಸೋರುತ್ತದೆ. ಡಿಎನ್ಎ ಅಲ್ಲಿ ಇರಬಾರದ ವಸ್ತು. ಜೀವಕೋಶ ಅದನ್ನು ನೋಡಿ ವೈರಸ್ ಬಂದಾಗ ಹೊರಡಿಸುವಂಥ ಸಂದೇಶಗಳನ್ನು, ಅಂದರೆ ಒಂದನೇ ವಿಧದ ಇಂಟರ್‌ಫೆರಾನ್‌ಗಳನ್ನು ಹೊರಡಿಸುತ್ತದೆ. ವೈರಸ್ ವಿರುದ್ಧ ಇವು ಒಳ್ಳೆಯವು. ಟಿಬಿಯಲ್ಲಿ ಇವು ಜಾಸ್ತಿಯಾದರೆ ಬ್ಯಾಕ್ಟೀರಿಯಾಕ್ಕೇ ಅನುಕೂಲ. ಮತ್ತೆ ಅದೇ ಜಾಣತನ ನೋಡಿ. ನಮ್ಮ ಆಯುಧವೇ, ಆದರೆ ಈ ಯುದ್ಧದ್ದಲ್ಲ.

ಇಸ್ಯಾಟ್-6ಗೆ ಬೇರೆ ಕೆಲಸಗಳೂ ಇವೆ. ಅದು ನೇರವಾಗಿ ಟಿಎಲ್ಆರ್2ಗೆ ಅಂಟಿ ಒಳಗಿನ ಸಂಕೇತಗಳನ್ನು ತಡೆಯುತ್ತದೆ ಎಂದು 2007ರಲ್ಲಿ ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟ್‌ನ ಜ್ಯೋತಿ ಬಸು ಅವರ ತಂಡ ತೋರಿಸಿತು.

ಇದೆಲ್ಲ ಪ್ರಯೋಗಾಲಯದ ಮಾತು. ಮನುಷ್ಯನ ದೇಹದಲ್ಲೂ ಹೀಗೇ ಆಗುತ್ತಾ?

ಎಲ್ಲವೂ ಹಾಗೆಯೇ ಎಂದು ಹೇಳಲು ಬರುವುದಿಲ್ಲ. ಒಂದು ಪ್ರೋಟೀನನ್ನು ಬೇರ್ಪಡಿಸಿ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸುರಿದಾಗ ಕಾಣುವುದು ಒಂದು. ಸಾವಿರಾರು ಪ್ರೋಟೀನ್ ಇರುವ ಜೀವಂತ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿ ಮಾಡುವುದು ಇನ್ನೊಂದು.

ಇಸ್ಯಾಟ್-6ರದ್ದೇ ಉದಾಹರಣೆ. ಶುದ್ಧ ಮಾಡಿದ ಇಸ್ಯಾಟ್-6 ತಾನೊಂದೇ ಸೇರಿ ಪೊರೆಯಲ್ಲಿ ತೂತು ಮಾಡುತ್ತದೆ ಎಂದು ಬಹಳ ವರ್ಷ ನಂಬಿದ್ದರು. 2017ರಲ್ಲಿ ಒಂದು ಅಧ್ಯಯನ ಆ ಮಾದರಿಗಳನ್ನು ಮತ್ತೆ ಪರೀಕ್ಷಿಸಿತು. ಶುದ್ಧ ಮಾಡಲು ಬಳಸಿದ ಸೋಪಿನಂಥ ರಾಸಾಯನಿಕ ಅದರಲ್ಲಿ ಉಳಿದುಕೊಂಡಿತ್ತು. ಪೊರೆ ಹಾಳು ಮಾಡಿದ್ದು ಆ ಸೋಪು! ಜೀವಂತ ಬ್ಯಾಕ್ಟೀರಿಯಾ ಪೊರೆಯನ್ನು ಹರಿಯುವುದು ಮಾತ್ರ ನಿಜ, ಅದಕ್ಕೆ ಇಎಸ್ಎಕ್ಸ್-1 ಬೇಕು ಎಂಬುದೂ ನಿಜ. ಅದು ಮೈಗೆ ಮೈ ತಾಗಿದಾಗ ನಡೆಯುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಇಷ್ಟು ದೊಡ್ಡ ಹೆಸರಿನ ಪ್ರೋಟೀನ್ ವಿಷಯದಲ್ಲೂ ಮತ್ತೆ ತೆರೆದು ನೋಡುವವರು ಇದ್ದರು. ಅದು ನನಗೆ ಧೈರ್ಯ ಕೊಡುತ್ತದೆ.

ಶ್ವಾಸಕೋಶದಲ್ಲಿ ಗಂಟು ಕಟ್ಟಿಕೊಂಡು ದೇಹ ಟಿಬಿಯನ್ನು ಬಂಧಿಸುತ್ತದೆ ಎಂದು ಓದಿದ್ದೆ. ಸರಿನಾ?

ಆ ಗಂಟಿಗೆ ಗ್ರಾನುಲೋಮ ಎನ್ನುತ್ತಾರೆ. ಸೋಂಕು ತಗಲಿದ ಮ್ಯಾಕ್ರೋಫೇಜ್ ನಡುವೆ, ಸುತ್ತ ಬೇರೆ ಕಣಗಳ ಕೋಟೆ. ಹಿಂದೆ ಇದನ್ನು ದೇಹ ಕಟ್ಟಿದ ಜೈಲು ಎಂದಷ್ಟೇ ಪಾಠ ಮಾಡುತ್ತಿದ್ದೆವು.

ಭಾರತ ಮೂಲದ ವಿಜ್ಞಾನಿ ಲಲಿತಾ ರಾಮಕೃಷ್ಣನ್ ಜೀಬ್ರಾಫಿಶ್ ಎಂಬ ಸಣ್ಣ ಮೀನಿನಲ್ಲಿ ಈ ಗಂಟು ಬೆಳೆಯುವುದನ್ನು ನೋಡಿದರು. ಆ ಮೀನಿನ ಮರಿಗಳ ಮೈ ಪಾರದರ್ಶಕ. ಟಿಬಿಯ ಹತ್ತಿರದ ನೆಂಟನಾದ ಮೀನಿನ ಬ್ಯಾಕ್ಟೀರಿಯಾವನ್ನು ಬಿಟ್ಟರೆ, ಒಳಗೆ ನಡೆಯುವುದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇಎಸ್ಎಕ್ಸ್-1 ಇರುವ ಬ್ಯಾಕ್ಟೀರಿಯಾ ಸುತ್ತಲಿನ ಜೀವಕೋಶಗಳಿಂದ ಎಂಎಂಪಿ9 ಎಂಬ ಕಿಣ್ವ ಹೊರಡಿಸಿತು. ಅದರ ಕರೆಗೆ ಹೊಸ ಮ್ಯಾಕ್ರೋಫೇಜ್‌ಗಳು ಓಡಿ ಬಂದವು. ಸತ್ತ ಕಣವನ್ನು ನುಂಗಿದವು. ಅದರೊಳಗಿನ ಬ್ಯಾಕ್ಟೀರಿಯಾಕ್ಕೆ ಹೊಸ ಮನೆಗಳು ಸಿಕ್ಕವು. ಹೀಗೆ ಮೊದಲ ಹಂತದಲ್ಲಿ ಆ ಗಂಟು ಜೈಲಿಗಿಂತ ಜಾಸ್ತಿ ಬ್ಯಾಕ್ಟೀರಿಯಾದ ಸಂತೆಮಾಳ.

ಹಾಗಂತ ಕೋಟೆಯಿಂದ ಲಾಭವೇ ಇಲ್ಲ ಎಂದಲ್ಲ. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಟಿಎನ್ಎಫ್ ಎಂಬ ಸಂದೇಶವನ್ನು ತಡೆಯುತ್ತದೆ. ಅದನ್ನು ತೆಗೆದುಕೊಂಡ ಕೆಲವರಲ್ಲಿ ಸುಮ್ಮನಿದ್ದ ಟಿಬಿ ಮತ್ತೆ ಎದ್ದಿತು ಎಂದು 2001ರಲ್ಲಿ ವರದಿಯಾಯಿತು. ಟಿಎನ್ಎಫ್ ಇಲ್ಲದೆ ಕೋಟೆ ನಿಲ್ಲುವುದಿಲ್ಲ. ಆದ್ದರಿಂದ ಈಗ ಅಂಥ ಔಷಧ ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ.

ಟಿಬಿ ಮೂಳೆಗೆ, ಮಿದುಳಿಗೆ ಹೇಗೆ ಹೋಗುತ್ತದೆ?

ಎಚ್‌ಬಿಎಚ್ಎ ಎಂಬ ಮೇಲ್ಮೈ ಪ್ರೋಟೀನ್ ಇದರಲ್ಲಿ ಪಾಲುದಾರ. ಅದು ಶ್ವಾಸಕೋಶದ ಒಳಪದರದ ಜೀವಕೋಶಗಳಿಗೆ ಅಂಟಿಕೊಳ್ಳಲು ನೆರವಾಗುತ್ತದೆ. ಆ ಪ್ರೋಟೀನ್ ಇಲ್ಲದ ಬ್ಯಾಕ್ಟೀರಿಯಾ ಇಲಿಯ ಶ್ವಾಸಕೋಶದಲ್ಲಿ ಬೆಳೆಯಿತು, ಆದರೆ ಬೇರೆ ಅಂಗಗಳಿಗೆ ಹರಡಲು ಸೋತಿತು ಎಂದು 2001ರಲ್ಲಿ ಫ್ರಾನ್ಸಿನ ಲಿಲ್ ನಗರದ ತಂಡ ತೋರಿಸಿತು.

ಬ್ಯಾಕ್ಟೀರಿಯಾ ಇಷ್ಟು ಜಾಣ ಆದರೆ ತನ್ನ ಗುರುತನ್ನು ಬದಲಾಯಿಸುತ್ತಲೇ ಇರಬೇಕಲ್ಲ, ಫ್ಲೂ ವೈರಸ್ ಥರ?

ನಾವೂ ಹಾಗೇ ಅಂದುಕೊಂಡಿದ್ದೆವು. 2010ರಲ್ಲಿ ಸೆಬಾಸ್ಟಿಯನ್ ಗಾನ್ಯೂ ಅವರ ತಂಡ ಜಗತ್ತಿನ ಬೇರೆ ಬೇರೆ ಕಡೆಯ ಟಿಬಿ ತಳಿಗಳನ್ನು ಹೋಲಿಸಿ ನೋಡಿತು. ನಮ್ಮ ಟಿ ಕಣಗಳು ಗುರುತು ಹಿಡಿಯುವ ಭಾಗಗಳು ಬಹುಪಾಲು ಎಲ್ಲ ತಳಿಗಳಲ್ಲೂ ಒಂದೇ ಥರ ಇದ್ದವು. ಬದಲಾವಣೆ ಅಲ್ಲೇ ಎಲ್ಲಕ್ಕಿಂತ ಕಡಿಮೆ.

ಅಂದರೆ ಗುರುತು ಸಿಗುವುದರಿಂದಲೂ ಬ್ಯಾಕ್ಟೀರಿಯಾಕ್ಕೆ ಏನೋ ಲಾಭ ಇರಬಹುದು. ಯೋಚಿಸಿ, ಟಿಬಿ ಹರಡುವುದು ಕೆಮ್ಮಿನಿಂದ. ಶ್ವಾಸಕೋಶದಲ್ಲಿ ಗುಳಿ ಬಿದ್ದು, ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಗೆ ಸೇರಬೇಕು. ಆ ಗುಳಿ ಬೀಳುವುದು ನಮ್ಮದೇ ರೋಗನಿರೋಧಕ ಕಣಗಳ ಹೋರಾಟದಿಂದ. ಎಚ್‌ಐವಿಯಿಂದ ಟಿ ಕಣಗಳು ತುಂಬ ಕುಸಿದವರಲ್ಲಿ ಇಂಥ ಗುಳಿಗಳು ಕಡಿಮೆ. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ನಮ್ಮ ಪ್ರತಿಕ್ರಿಯೆ ಪೂರ್ತಿ ನಿಂತರೂ ನಷ್ಟ, ಪೂರ್ತಿ ಗೆದ್ದರೂ ನಷ್ಟ. ಅದಕ್ಕೆ ಬೇಕಾದದ್ದು ನಡುವಿನ ಒಂದು ಹದ. ನನ್ನ ಪ್ರಕಾರ ಈ ಪುಟದಲ್ಲಿ ನೆನಪಿಡಬೇಕಾದ ಒಂದು ಮಾತು ಇದ್ದರೆ ಅದು ಇದೇ.

ಬಿಸಿಜಿ ಹಾಕಿಸಿಕೊಂಡರೂ ಟಿಬಿ ಬರುತ್ತದಲ್ಲ, ಯಾಕೆ?

ಬಿಸಿಜಿ ಚಿಕ್ಕ ಮಕ್ಕಳನ್ನು ಮಿದುಳಿನ ಟಿಬಿಯಂಥ ಕಠಿಣ ರೂಪಗಳಿಂದ ಕಾಪಾಡುತ್ತದೆ. ಆದ್ದರಿಂದ ಮಗುವಿಗೆ ಹಾಕಿಸಲೇಬೇಕು. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದರ ರಕ್ಷಣೆ ಒಂದೊಂದು ಕಡೆ ಒಂದೊಂದು ಥರ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ದೊಡ್ಡವರಿಗೆ ರಕ್ಷಣೆ ಸಿಗಲಿಲ್ಲ.

ಬಿಸಿಜಿ ಹುಟ್ಟಿದ್ದು ಹಸುವಿನ ಟಿಬಿ ಬ್ಯಾಕ್ಟೀರಿಯಾದಿಂದ. ಕಾಲ್ಮೆಟ್ ಮತ್ತು ಗೆರಾಂ ಎಂಬ ಇಬ್ಬರು ಫ್ರೆಂಚರು ಅದನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 13 ವರ್ಷ, 230 ಸಲ ಮತ್ತೆ ಮತ್ತೆ ಬೆಳೆಸಿ ಸಾಧು ಮಾಡಿದರು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟರು. ಆ ದಾರಿಯಲ್ಲಿ ಬ್ಯಾಕ್ಟೀರಿಯಾ ಆರ್‌ಡಿ1 ಎಂಬ ಜೀನ್ ತುಂಡನ್ನು ಕಳೆದುಕೊಂಡಿತ್ತು. ಇಸ್ಯಾಟ್-6, ಸಿಎಫ್‌ಪಿ-10 ಮತ್ತು ಇಎಸ್ಎಕ್ಸ್-1ರ ಭಾಗಗಳು ಇರುವುದು ಅಲ್ಲೇ! ಅದು ಹೋದದ್ದರಿಂದ ಬಿಸಿಜಿ ಸುರಕ್ಷಿತವಾಯಿತು. ಆದರೆ ನಮ್ಮ ಟಿ ಕಣಗಳಿಗೆ ಆ ಪ್ರೋಟೀನ್‌ಗಳ ಮುಖಪರಿಚಯವೂ ತಪ್ಪಿಹೋಯಿತು.

ಹೊಸ ಲಸಿಕೆಗಳಲ್ಲಿ ಈ ಪ್ರೋಟೀನ್‌ಗಳನ್ನು ಬಳಸುತ್ತಾರಾ?

ಹೌದು. ಇಲ್ಲಿಗೆ ಪಿಪಿಇ18ರ ಉಳಿದ ಕತೆ ಬರುತ್ತದೆ. ಎಂ72 ಎಂಬ ಲಸಿಕೆಯಲ್ಲಿ ಎರಡು ಪ್ರೋಟೀನ್‌ಗಳನ್ನು ಬೆಸೆದಿದ್ದಾರೆ. ಅದರಲ್ಲಿ ಒಂದು ಬೇರೆ ಯಾವುದೂ ಅಲ್ಲ, ಅದೇ ಪಿಪಿಇ18. ಮ್ಯಾಕ್ರೋಫೇಜ್‌ನ ಮಾತು ಬದಲಾಯಿಸುವ ಪ್ರೋಟೀನನ್ನೇ, ಪ್ರತಿಕ್ರಿಯೆ ಹೆಚ್ಚಿಸುವ ಎಎಸ್01ಇ ಎಂಬ ಸಹಾಯಕ ವಸ್ತುವಿನ ಜೊತೆ ಮೊದಲೇ ಟಿ ಕಣಗಳಿಗೆ ತೋರಿಸಿಡುವುದು.

ಕೀನ್ಯಾ, ದಕ್ಷಿಣ ಆಫ್ರಿಕಾ ಮತ್ತು ಜಾಂಬಿಯಾದಲ್ಲಿ ಸೋಂಕು ಇದ್ದು ಕಾಯಿಲೆ ಬಾರದ 3500ಕ್ಕೂ ಹೆಚ್ಚು ದೊಡ್ಡವರ ಮೇಲೆ ಇದನ್ನು ಪರೀಕ್ಷಿಸಿದರು. ಮೂರು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ 13 ಮಂದಿಗೆ, ಪಡೆಯದವರಲ್ಲಿ 26 ಮಂದಿಗೆ ಶ್ವಾಸಕೋಶದ ಟಿಬಿ ಬಂತು. ಅಂದರೆ ಸುಮಾರು ಅರ್ಧಕ್ಕೆ ಇಳಿಯಿತು. ಸಂಖ್ಯೆ ಸಣ್ಣದು, ನಿಜ. ಅದಕ್ಕೇ 2024ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೂರನೇ ಹಂತದ ದೊಡ್ಡ ಪ್ರಯೋಗ ಶುರುವಾಯಿತು.

ಇನ್ನೊಂದು ದಾರಿ ಎಂಟಿಬಿವ್ಯಾಕ್. ಸ್ಪೇನಿನ ಜರಗೋಜಾದಲ್ಲಿ ಹುಟ್ಟಿದ್ದು. ಇದು ಮನುಷ್ಯರ ಟಿಬಿ ಬ್ಯಾಕ್ಟೀರಿಯಾವೇ, ಆದರೆ ಎರಡು ಜೀನ್ ತೆಗೆದದ್ದು. ಒಂದು ತೆಗೆದರೆ ಇಸ್ಯಾಟ್-6 ಹೊರಗೆ ಬರುವುದಿಲ್ಲ, ಆದರೆ ಒಳಗೆ ತಯಾರಾಗುತ್ತದೆ. ಇನ್ನೊಂದು ತೆಗೆದರೆ ಪಿಡಿಐಎಂ ಕೊಬ್ಬು ತಯಾರಾಗುವುದಿಲ್ಲ. ಹಲ್ಲು ಕಿತ್ತು, ಮುಖವನ್ನು ಹಾಗೇ ಉಳಿಸಿದ ಹಾಗೆ.

ರಕ್ತ ಪರೀಕ್ಷೆಯಲ್ಲಿ "ಐಜಿಆರ್ಎ ಪಾಸಿಟಿವ್" ಬಂದಿದೆ. ಅಂದರೇನು?

ನಿಮ್ಮ ರಕ್ತದ ಟಿ ಕಣಗಳಿಗೆ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ತೋರಿಸಿದ್ದಾರೆ. ಅವು ಗುರುತು ಹಿಡಿದು ಗಾಮಾ ಇಂಟರ್‌ಫೆರಾನ್ ಬಿಟ್ಟಿವೆ. ಅಂದರೆ ಅವು ಟಿಬಿ ಬ್ಯಾಕ್ಟೀರಿಯಾವನ್ನು ಯಾವಾಗಲೋ ಕಂಡಿವೆ. ಬಿಸಿಜಿಯಲ್ಲಿ ಆ ಪ್ರೋಟೀನ್‌ಗಳು ಇಲ್ಲ, ಹಾಗಾಗಿ ಚಿಕ್ಕಂದಿನ ಲಸಿಕೆಯಿಂದ ಈ ಪರೀಕ್ಷೆ ಪಾಸಿಟಿವ್ ಆಗುವುದಿಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಹಳೆಯ ಮಾಂಟೂ ಪರೀಕ್ಷೆಗೆ ಆ ಗೊಂದಲ ಇದೆ. ಚರ್ಮದಲ್ಲೇ ಮಾಡುವ ಸೈ-ಟಿಬಿ ಎಂಬ ಹೊಸ ಪರೀಕ್ಷೆಯೂ ಇದೇ ಎರಡು ಪ್ರೋಟೀನ್‌ಗಳನ್ನು ಬಳಸುತ್ತದೆ.

ಪಾಸಿಟಿವ್ ಎಂದ ಮಾತ್ರಕ್ಕೆ ಟಿಬಿ ಕಾಯಿಲೆ ಇದೆ ಎಂದಲ್ಲ. ಸೋಂಕು ತಗಲಿದವರಲ್ಲಿ 100ಕ್ಕೆ 5ರಿಂದ 10 ಮಂದಿಗೆ ಮಾತ್ರ ಬದುಕಿನಲ್ಲಿ ಎಂದಾದರೂ ಕಾಯಿಲೆ ಬರುತ್ತದೆ. ಕೆಮ್ಮು, ಜ್ವರ, ತೂಕ ಇಳಿಕೆ ಇದೆಯಾ ಎಂದು ನೋಡಿ, ಎಕ್ಸ್‌ರೇ ತೆಗೆದು ವೈದ್ಯರು ಮುಂದಿನದು ಹೇಳುತ್ತಾರೆ.

ಈಗಿನ ಮಾತ್ರೆಗಳು ಈ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುತ್ತವಾ?

ಇಲ್ಲ. ಐಸೋನಿಯಾಜಿಡ್ ಮೈಕೋಲಿಕ್ ಆಮ್ಲ ತಯಾರಾಗುವುದನ್ನು ತಡೆಯುತ್ತದೆ. ರಿಫಾಂಪಿಸಿನ್ ಜೀನ್ ಓದುವ ಯಂತ್ರವನ್ನು ನಿಲ್ಲಿಸುತ್ತದೆ. ಇವು ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ, ಚೆನ್ನಾಗಿ ಕೊಲ್ಲುತ್ತವೆ. ಆರು ತಿಂಗಳ ಮಾತ್ರೆಯನ್ನು ಎರಡು ತಿಂಗಳಿಗೆ "ಹುಷಾರಾದೆ" ಎಂದು ದಯವಿಟ್ಟು ಬಿಡಬೇಡಿ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯ ತೆಗೆದುಕೊಂಡರೆ ಬ್ಯಾಕ್ಟೀರಿಯಾದ ಈ ಆಟ ನಿಲ್ಲುತ್ತಾ?

ಅಂಗಡಿಯ ಪುಡಿ ಟಿಎಲ್ಆರ್2ಗೆ ಅಂಟಿದ ಪ್ರೋಟೀನನ್ನು ಬಿಡಿಸಲಾರದು. ಆದರೆ ಹೊಟ್ಟೆ ತುಂಬ ಊಟ ನಿಜಕ್ಕೂ ಕೆಲಸ ಮಾಡುತ್ತದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡದಲ್ಲಿ ರೇಷನ್ಸ್ ಎಂಬ ಅಧ್ಯಯನ ನಡೆಯಿತು. ಟಿಬಿ ರೋಗಿಗಳ ಮನೆಯವರಿಗೂ ತಿಂಗಳ ರೇಷನ್ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಕ್ಕಿ, ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ.

ಮನೆಯಲ್ಲಿ ಒಬ್ಬರಿಗೆ ಟಿಬಿ ಇದೆ. ತಟ್ಟೆ ಲೋಟ ಬೇರೆ ಮಾಡಬೇಕಾ?

ಬೇಡ. ತಟ್ಟೆಯಿಂದ, ಬಟ್ಟೆಯಿಂದ, ಕೈ ಮುಟ್ಟುವುದರಿಂದ ಟಿಬಿ ಬರುವುದಿಲ್ಲ. ಅದು ಗಾಳಿಯಿಂದ ಬರುವ ಕಾಯಿಲೆ. ಕಿಟಕಿ ತೆರೆಯಿರಿ, ಮೊದಲ ವಾರಗಳಲ್ಲಿ ಅವರು ಮಾಸ್ಕ್ ಹಾಕಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಕಾಯಿಲೆ ಇಲ್ಲದವರಿಗೆ ಮುಂಜಾಗ್ರತೆಯ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಎರಡು ವಾರದಿಂದ ಕೆಮ್ಮು. ಸಿರಪ್ ಕೊಟ್ಟು ಕಳಿಸಿದರು. ಕಾಯಲಾ?

ಕಾಯಬೇಡಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇರುವವರನ್ನು ಮಾತಾಡಿಸಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಬಹಳ ಮಂದಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಈಗ ಕಫ ಪರೀಕ್ಷೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದ ಮೂಲಕ ಉಚಿತವಾಗಿ ಆಗುತ್ತದೆ. ನೀವೇ ಬಾಯಿ ಬಿಟ್ಟು ಕೇಳಿ: "ನನ್ನ ಕಫ ಪರೀಕ್ಷೆ ಮಾಡಿ." ಸಹಾಯವಾಣಿ 1800-11-6666.